ಉಪ್ಪುನೀರಿನಲ್ಲಿ ಎರಡು ಜಾಯಿಂಟು

ದೊಡ್ಡಬಳ್ಳಾಪುರ
12 ಜುಲೈ 1996

ಪ್ರೀತಿಯ ರವಿಗೆ ನಿನ್ನ ಅಪ್ಪನ ಆಶೀರ್ವಾದ.

ಮೈಕೈ ಚೆನ್ನಾಗಿದೆಯಾ? ಮಲ್ಪೆಯ ಮೀನಿನ ವಾಸನೆಗೆ ಊಟ ಸೇರದೆ ಮೊದಲ ವಾರ ಮೊಸರನ್ನದಲ್ಲೇ ದಿನ ತಳ್ಳಿದೆ ಅಂತ ನೀನು ಬರೆದಿದ್ದೆ. ಈಗಲಾದರೂ ಹೊಟ್ಟೆತುಂಬ ತಿನ್ನುತ್ತೀಯೋ ಇಲ್ಲವೋ ಅಂತ ನಿನ್ನಮ್ಮನಿಗೆ ಅದೇ ಯೋಚನೆ. ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಪೋಸ್ಟ್‌ಮನ್ ಪಾಪಯ್ಯ ನಮ್ಮ ಬೀದಿಗೆ ತಿರುಗಿದರೆ ಸಾಕು, ನಾನು ಮಗ್ಗದ ಸ್ವಿಚ್ ಆರಿಸಿ ಬಾಗಿಲಿಗೆ ಬರುತ್ತೇನೆ. ಈಚೆಗೆ ಅವನು ನನ್ನ ಮುಖ ನೋಡದೆ ಸೈಕಲ್ ಜೋರಾಗಿ ತುಳಿದು ಹೋಗುತ್ತಾನೆ.

ನೀನು ಮುನಿಸಿಕೊಂಡಿರುವುದು ಯಾಕೆಂದು ಗೊತ್ತು. ನೀನು ಅಲ್ಲಿ ಮಾಡುವ ಮೀನು ಬೋಟಿನ ವೈರಿಂಗ್‌ನಲ್ಲಿ, ಎರಡು ತಂತಿ ತಿರುಚಿ ಟೇಪು ಸುತ್ತುವ ನಮ್ಮ ಜಾಯಿಂಟು ನಿಲ್ಲುವುದಿಲ್ಲವಂತೆ, ಮಾಲೀಕರು ಹೇಳುತ್ತಾರೆ, ಬೇರೆ ಥರ ಮಾಡಲಾ ಅಂತ ಕೇಳಿದ್ದೆ. ತವರ ಬಳಿದ ತಂತಿಯನ್ನು ಪುಟ್ಟ ಕೊಳವೆಗೆ ತೂರಿಸಿ, ಇಕ್ಕಳದಲ್ಲಿ ಒತ್ತಿ, ಮೇಲೆ ಬಿಸಿಗೆ ಕುಗ್ಗಿ ಅಂಟಿಕೊಳ್ಳುವ ಸ್ಲೀವ್ ಹಾಕಿದ ಒಂದು ತುಂಡನ್ನೂ ಕವರಿನಲ್ಲಿ ಇಟ್ಟಿದ್ದೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮ ಮನೆ ಹೆಂಗಸರು ಮಗ್ಗದ ಹಳೇ ಹಾಸಿನ ಎಳೆಗೆ ಹೊಸ ಎಳೆಯನ್ನು ಬೂದಿ ಹಚ್ಚಿದ ಬೆರಳಲ್ಲಿ ತಿರುಚಿ ಕೆಚ್ಚಿ ಕೂಡಿಸುತ್ತಾರೆ, ಒಂದು ಗಂಟಿಲ್ಲ. ಅದೇ ಕೈಚಳಕವನ್ನು ನಾನು ತಂತಿಗೆ ತಂದವನು. ವೈರಿಂಗ್ ಕೆಲಸ ಮಾಡುತ್ತಾ ಬಂದ ಇಪ್ಪತ್ತೆರಡು ವರ್ಷದಲ್ಲಿ ಈ ಊರಿನ ಯಾವ ಮಗ್ಗದಲ್ಲೂ ನನ್ನ ಜಾಯಿಂಟು ಕೈಕೊಟ್ಟಿಲ್ಲ. "ನನ್ನ ಕೆಲಸ ಬೇಡವಾದವನು ನನ್ನ ಮನೆಗೂ ಬರಬೇಡ" ಅಂತ ಬರೆದು ಹಾಕಿಬಿಟ್ಟೆ. ಅಂಚೆ ಡಬ್ಬಿಯಿಂದ ಮನೆಗೆ ಬರುವಷ್ಟರಲ್ಲೇ ಬರೆದದ್ದು ಹೆಚ್ಚಾಯಿತು ಅನ್ನಿಸಿತ್ತು, ಆದರೆ ನನ್ನ ಜಂಬ ನಿನಗೆ ಗೊತ್ತೇ ಇದೆ.

ಆ ತುಂಡನ್ನು ನಿನ್ನಮ್ಮ ಎತ್ತಿಟ್ಟಿದ್ದಳು. ಹೋದ ತಿಂಗಳು ಅದನ್ನು ನನ್ನ ಮುಂದಿಟ್ಟು, ಮಗನನ್ನು ಬೈಯುವ ಮೊದಲು ಒಂದು ಸಲ ಪರೀಕ್ಷೆ ಮಾಡಿ ನೋಡಬಾರದಿತ್ತಾ ಅಂದಳು. ನಿನ್ನನ್ನು ಸೋಲಿಸಬೇಕೆಂದೇ ನಾನೊಂದು ಜಾಯಿಂಟು ತಿರುಚಿ, ಟೇಪು ಬಿಗಿದು, ಎರಡನ್ನೂ ಉಪ್ಪುನೀರಿನ ಬೋಗುಣಿಗೆ ಹಾಕಿದೆ. ಒಂದು ದಿನ ಮುಳುಗಿಸುವುದು, ಒಂದು ದಿನ ತೆಗೆದು ಒಣಗಿಸುವುದು. ಇಪ್ಪತ್ತೈದನೇ ದಿನ ಬಿಚ್ಚಿದೆ. ನಿನ್ನದನ್ನು ಕೊಯ್ದರೆ ಒಳಗೆ ಬೆಳ್ಳಗೆ ಹೊಳೆಯುತ್ತಿತ್ತು. ನನ್ನದು ಹಸಿರು ಕಿಲುಬು ಹಿಡಿದು ಬೆರಳಿಗೆ ಪುಡಿಯಾಗಿ ಬಂತು. ಅವತ್ತು ನನಗೆ ಊಟ ಸೇರಲಿಲ್ಲ. ನೀನು ಹೇಳಿದ್ದೇ ಸರಿ, ನಾನು ತಪ್ಪು. ನಿನ್ನನ್ನು ನೋಡಬೇಕು ಅನ್ನಿಸಿದೆ ಕಣೋ, ಬಹಳ ಅನ್ನಿಸಿದೆ.

ನಿನ್ನಮ್ಮ ಸಾರಿನ ಪುಡಿ ಮಾಡಿಟ್ಟಿದ್ದಾಳೆ. ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳು ಅಂದಳು, ಹೇಳಿದ್ದೇನೆ. ನೂರು ಕಾಲ ಚೆನ್ನಾಗಿರು.

ನಿನ್ನ ಅಪ್ಪ,
ಕೋದಂಡರಾಮಯ್ಯ

ಮರೆತಿದ್ದು: ಕಾಗದ ಮಡಚಿದ ಮೇಲೆ, ಹೇಳಬೇಕಾದ್ದನ್ನೇ ಹೇಳಿಲ್ಲ ಅನ್ನಿಸಿತು. ಅಲ್ಲಿಗೆ ಹೋದ ಹೊಸದರಲ್ಲಿ ನನ್ನ ಮಾತಿನಂತೆ ನೀನು ಜಾಯಿಂಟು ತಿರುಚಿ ಹಾಕಿದ ಆರು ಬೋಟುಗಳಿವೆ. ಮಳೆಗಾಲ ಮುಗಿದು ಅವು ಕಡಲಿಗೆ ಇಳಿಯುವ ಮೊದಲು ಎಲ್ಲವನ್ನೂ ಬಿಚ್ಚಿ ನಿನ್ನ ರೀತಿಯಲ್ಲೇ ಹಾಕಬೇಕು. ನಡುನೀರಿನಲ್ಲಿ ದೀಪ ಆರಿದರೆ ಅಷ್ಟು ಜನರ ಗತಿ ಏನು. ತಪ್ಪು ನನ್ನದಾದ ಮೇಲೆ ನೀನೊಬ್ಬನೇ ಬಿಚ್ಚುವುದು ಬೇಡ. ಚೀಲ ಕಟ್ಟಿಟ್ಟಿದ್ದೇನೆ, ಉಡುಪಿ ಬಸ್ಸನ್ನೂ ವಿಚಾರಿಸಿದ್ದೇನೆ. ಬರಬೇಡ ಅಂತ ನಿನಗೆ ಬರೆದವನು ನಾನು. ಬಾ ಅಂತ ನನಗೆ ಒಂದು ಸಾಲು ಬರೆಯುತ್ತೀಯಾ?