ಸೈರನ್ ಹೊತ್ತಿನ ಗುಳಿಗೆ

ಜೂನ್ 3, ಸೋಮವಾರ

ಗುಳಿಗೆ ಕೊಟ್ಟಾಯಿತು. ಜೊತೆಗೆ ಬೆಲ್ಲದ ಚೂರು. ಹದಿನಾರು ತುಂಬಿದರೂ ಮೊಮ್ಮಗಳು ಚೈತ್ರಾಗೆ ಬೆಲ್ಲ ಬೇಕು. ಚಿಕ್ಕವಳಿದ್ದಾಗ ಔಷಧಿ ಕಹಿ ಇತ್ತು, ಸರಿ. ಈಗ ನುಂಗುವುದಷ್ಟೇ. ಆದರೂ ಕೈ ಚಾಚುತ್ತಾಳೆ. ಬಿಡಿಸುವ ಮನಸ್ಸು ನನಗೂ ಇಲ್ಲ.

ಹೊತ್ತಿಗೆ ಗಡಿಯಾರ ನೋಡುವವಳಲ್ಲ ನಾನು. ನಮ್ಮ ಯಜಮಾನರು ಬೋರಣ್ಣ ಇದ್ದಾಗ ರಾತ್ರಿ ಪಾಳಿಗೆ ಕಾರ್ಖಾನೆ ಸೈರನ್ ಕೂಗುತ್ತಿತ್ತು. ಇಡೀ ಹರಿಹರ ಒಂದು ಸಲ ತಲೆ ಎತ್ತುತ್ತಿತ್ತು. ಬುತ್ತಿ ಕೈಗಿಟ್ಟರೆ ಸೈಕಲ್ ಹತ್ತುವವರು. ಕಾರ್ಖಾನೆ ಮುಚ್ಚಿತು. ಅವರೂ ಹೋದರು. ಕಿವಿ ಮಾತ್ರ ಎಂಟಕ್ಕೆ ಈಗಲೂ ನೆಟ್ಟಗಾಗುತ್ತದೆ.

ಮಗಳು ಸರೋಜಾ, ಅಳಿಯ ಇಬ್ಬರೂ ಎಚ್‌ಐವಿಯಿಂದ ಹೋದರು. ಅದನ್ನೇ ಮೈಯಲ್ಲಿ ಹೊತ್ತು ಈ ಕೂಸು ನನ್ನ ಮಡಿಲಿಗೆ ಬಂತು. ದಿನಾ ಒಂದೇ ಹೊತ್ತಿಗೆ ಔಷಧಿ ಅಂದರು ಡಾಕ್ಟರು. ನನಗೆ ಗೊತ್ತಿದ್ದ ಹೊತ್ತು ಅದೊಂದೇ — ಸೈರನ್ ಹೊತ್ತು.

ಜೂನ್ 6, ಗುರುವಾರ

ದಾವಣಗೆರೆ ಆಸ್ಪತ್ರೆ. ಕೌನ್ಸೆಲರ್ ದಿಲ್ಷಾದ್ ಬೇಗಂ ನನ್ನ ಬಾಯಿಗೆ ಬೀಗ ಹಾಕಿದರು.

"ಅಜ್ಜಿ, ಕೂಡ್ರಿ. ಇವತ್ತಿಂದ ಕೇಳೋದೆಲ್ಲ ಚೈತ್ರಾಗೆ. ನೀವು ಎಲೆ ಅಡಿಕೆ ಹಾಕ್ಕಂಡು ಸುಮ್ನಿರ್ರಿ."

"ಹಾಕ್ಕಂಡ್ರೂ ಮಾತಾಡ್ತೀನಿ ಕಣವ್ವ."

"ಗೊತ್ತೈತೆ. ಅದಕ್ಕೇ ಮೊದ್ಲೇ ಹೇಳಿದ್ದು."

ಗುಳಿಗೆ ಹೆಸರೇನು? ಹೇಳಿದಳು, ಇಂಗ್ಲಿಷಿನಲ್ಲಿ, ಉದ್ದಕ್ಕೆ. ಇಷ್ಟು ವರ್ಷ ನನಗೆ ಅದು ಬರೀ ಗುಳಿಗೆ. ಮರೆತರೆ? "ನೆನಪಾದ ಕೂಡ್ಲೆ ತಗಾಬೇಕು. ಎರಡು ಒಟ್ಟಿಗೆ ನುಂಗಬಾರ್ದು."

ಇಲ್ಲೇ ದಾವಣಗೆರೆಯಲ್ಲಿ ಕಾಲೇಜು ಸಿಕ್ಕಿದೆ. ಕೆ.ಬಿ. ಬಡಾವಣೆಯ ಹಾಸ್ಟೆಲ್ ಸೇರುತ್ತಾಳೆ. ಇನ್ನು ಗುಳಿಗೆ ಅವಳದೇ ಜವಾಬ್ದಾರಿ. ಒಂದು ದಿನ ಮರೆತರೆ? ಯಾರಾದರೂ ನೋಡುತ್ತಾರೆ ಅಂತ ಬಿಟ್ಟರೆ? ಸರೋಜಾ ಹಾಗೇ ಬಿಟ್ಟವಳು. ಅತ್ತೆ ಮನೆಯವರ ಕಣ್ಣಿಗೆ ಹೆದರಿ.

ಇದೇ ಆಸ್ಪತ್ರೆ ವರಾಂಡಕ್ಕೆ ಚೈತ್ರಾ ನನ್ನ ಸೊಂಟದ ಮೇಲೆ ಕೂತು ಬಂದವಳು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬಸ್ಸಿನಲ್ಲಿ. ಆಮೇಲೆ ಪ್ರತಿ ಸಲ ಮಂಡಕ್ಕಿ ಮಿರ್ಚಿ ಲಂಚ. ಇವತ್ತೂ ತಿಂದೆವು. ಖಾರಕ್ಕೆ ಅವಳು ಈಗ ಅಳುವುದಿಲ್ಲ. ನಾನು ಕಣ್ಣೊರೆಸಿಕೊಂಡೆ... ಖಾರಕ್ಕೇ.

ಜೂನ್ 9, ಭಾನುವಾರ

ಟ್ರಂಕು ಕಟ್ಟಿದ್ದು. ಗುಳಿಗೆ ಡಬ್ಬಿ ಅಲ್ಲಾಡಿಸಿದರೆ ಗಲಗಲ. ಹಾಸ್ಟೆಲ್ ತುಂಬ ಕಿವಿ. ನಮ್ಮತ್ತೆ ಕಾಟಮ್ಮನ ಎಲೆ ಅಡಿಕೆ ಸಂಚಿ ಕೊಡವಿದೆ. ಎಲೆಗೊಂದು, ಅಡಿಕೆಗೊಂದು, ಸುಣ್ಣಕ್ಕೊಂದು ಖಾನೆ. ಮೂರು ಖಾನೆಗೂ ಗುಳಿಗೆ ಸುರಿದು ದಾರ ಎಳೆದೆ. ನಮ್ಮ ಕಡೆ ಒಬ್ಬ ಹೆಂಗಸಿನ ಸಂಚಿಗೆ ಇನ್ನೊಬ್ಬಳು ಕೈ ಹಾಕುವುದಿಲ್ಲ. ಅತ್ತೆ ಇರುವಷ್ಟು ದಿನ ನಾನೂ ಹಾಕಿದವಳಲ್ಲ. ಬೀಗಕ್ಕಿಂತ ಗಟ್ಟಿ.

"ಇದನ್ನ ಹಿಡ್ಕಂಡು ಹೋದ್ರೆ ಮುದುಕಿ ಅಂತಾರಜ್ಜಿ."

"ಅನ್ಲಿ ಬಿಡೇ. ಬ್ಯಾರೆ ಏನೋ ಅನ್ನೋದಕ್ಕಿಂತ ಮುದುಕಿ ಅನ್ನೋದು ವಾಸಿ."

ನಕ್ಕಳು. ಒಪ್ಪಂದ ಆಯಿತು. ಗುಳಿಗೆ ನುಂಗಿದ ಮೇಲೆ ಮಿಸ್ ಕಾಲ್. ನಾನು ಎತ್ತಬಾರದು.

ಜೂನ್ 14, ಶುಕ್ರವಾರ

ಎಂಟಕ್ಕೆ ಸರಿಯಾಗಿ ಫೋನು. ಎರಡು ಸಲ ಬಡಿದು ನಿಲ್ಲುತ್ತದೆ. ಎದೆ ತಣ್ಣಗಾಗುತ್ತದೆ.

ಪಕ್ಕದ ಮನೆ ಅಂಜಿನವ್ವಗೆ ತಡೆಯಲಾಗಲಿಲ್ಲ. "ಯಾರವ್ವ ಅದು, ದಿನಾ ಇದೇ ಹೊತ್ತಿಗೆ?"

"ನಮ್ಮ ಯಜಮಾನ್ರು. ಪಾಳಿಗೆ ಹೊಂಟೀನಿ ಅಂತಾರೆ."

ತಿರುಗಿ ನೋಡದೆ ಒಳಗೆ ಹೋದಳು.

ಜೂನ್ 27, ಗುರುವಾರ

ನಿನ್ನೆ ಫೋನು ಬರಲಿಲ್ಲ. ನಾನೇ ಮಾಡಿದೆ, ಎತ್ತಲಿಲ್ಲ. ಬೆಳಗ್ಗೆ ಮೊದಲ ಬಸ್ಸಿಗೇ ಹತ್ತಿದೆ. ದಾರಿಯುದ್ದಕ್ಕೂ ಸರೋಜಾ ಮುಖ.

ಹಾಸ್ಟೆಲ್ ಗೇಟಿನಲ್ಲಿ ಅವಳ ರೂಮಿನ ಹುಡುಗಿ ಸ್ವಾತಿ. "ಚೈತ್ರಾ ಆಸ್ಪತ್ರೆಗೆ ಹೋಗ್ಯಾಳಜ್ಜಿ." ಆಟೋ ಹಿಡಿದೆ.

ನೋಡಿದರೆ ದಿಲ್ಷಾದ್ ಮೇಡಮ್ಮನ ಎದುರು ಕೂತಿದ್ದಾಳೆ, ನೆಟ್ಟಗೆ. ಮೇಜಿನ ಮೇಲೆ ನಮ್ಮತ್ತೆ ಸಂಚಿ. ಬೇರೆ ಖಾನೆಯವು ಮುಗಿದು ನಿನ್ನೆ ಸುಣ್ಣದ ಖಾನೆ ತೆಗೆದಿದ್ದಾಳೆ. ಮಳೆಗಾಲದ ತೇವ, ಅಂಟಿದ ಹಳೇ ಸುಣ್ಣ... ಗುಳಿಗೆ ಮೆತ್ತಗಾಗಿ ಒಂದಕ್ಕೊಂದು ಹಿಡಿದುಕೊಂಡಿವೆ. ಡಬ್ಬಿಯೊಳಗಿನ ಸಣ್ಣ ಪೊಟ್ಟಣ ತೇವ ಹೀರುವುದಕ್ಕಂತೆ. ನಾನದನ್ನು ಕಸ ಅಂತ ಎಸೆದಿದ್ದೆ.

ಕೂಡಲೇ ಮೇಡಮ್ಮಗೆ ಫೋನು ಮಾಡಿದ್ದಾಳೆ. ಬೆಳಗ್ಗೆ ಆಸ್ಪತ್ರೆ ಬಾಗಿಲು ತೆರೆಯುವ ಹೊತ್ತಿಗೆ ಬಂದಿದ್ದಾಳೆ. ಹೊಸ ಡಬ್ಬಿ ಇಸಕೊಂಡು ಅಲ್ಲೇ ನುಂಗಿದ್ದಾಳೆ. ಯಾರ ಸೆರಗೂ ಹಿಡಿಯದೆ.

"ಫೋನ್ ಯಾಕ ಎತ್ತಲಿಲ್ಲೇ? ಜೀವ ಹೋಗಿತ್ತು ನಂದು."

"ಎತ್ತಿದ್ರೆ ರಾತ್ರಿನೇ ಓಡಿ ಬರ್ತಿದ್ದೆ ನೀನು."

"ಒಂದು ಮಿಸ್ ಕಾಲ್ ಕೊಟ್ಟಿದ್ರೆ ಸುಮ್ನೆ ಮಲಗ್ತಿದ್ನಲ್ಲ!"

"ನುಂಗಿಲ್ಲ ಅಂದ್ಮೇಲೆ ಹೆಂಗೆ ಕೊಡ್ಲಜ್ಜಿ?"

ದಿಲ್ಷಾದ್ ನಗುತ್ತಿದ್ದರು. "ಇವತ್ತು ಎಲೆ ಅಡಿಕೆ ಇಲ್ದೇನೇ ಸುಮ್ನಾದ್ರಿ ನೋಡ್ರಿ."

ಚೈತ್ರಾ ಹೊಸ ಡಬ್ಬಿ ಬಾಯಿಗೆ ಹತ್ತಿ ತುರುಕಿ ಅಲ್ಲಾಡಿಸಿ ತೋರಿಸಿದಳು. ಸದ್ದೇ ಇಲ್ಲ. ಸ್ವಾತಿಗೆ ಏನು ಹೇಳುತ್ತೀ ಅಂದೆ. "ಹೇಳೋದೋ ಬಿಡೋದೋ ನಾನು ನೋಡ್ಕಂತೀನಿ. ಅದು ನಂದು."

ಆಗಸ್ಟ್ 11, ಭಾನುವಾರ

ಚೈತ್ರಾ ಊರಿಗೆ ಬಂದಿದ್ದಳು. ರಕ್ತದ ರಿಪೋರ್ಟ್ ತಂದಿದ್ದಳು. ವೈರಸ್ಸು ಮೆಷಿನ್ನಿಗೂ ಕಾಣದಷ್ಟು ಕಡಿಮೆಯಂತೆ. ಇದೇ ಗುಳಿಗೆ ನುಂಗುವ ಸಣ್ಣ ಮಕ್ಕಳ ಜೊತೆ ಕೂತು ಮಾತಾಡು ಅಂತ ದಿಲ್ಷಾದ್ ಕರೆದಿದ್ದಾರಂತೆ. ಹೊಳೆ ಕಡೆ ನಡೆದೆವು. ಚಿಕ್ಕಂದಿನಲ್ಲಿ ಔಷಧಿ ಉಗುಳಿ ಇದೇ ದಂಡೆಗೆ ಓಡುತ್ತಿದ್ದಳು, ಹಿಂದೆ ನಾನು, ಕೈಯಲ್ಲಿ ಬೆಲ್ಲ. ಈಗ ನಾನು ನಿಧಾನ. ಅವಳು ನಿಂತು ಕಾಯುತ್ತಾಳೆ.

ಸಂಚಿ ವಾಪಸ್ ಕೊಟ್ಟಳು, ಒಗೆದು. ಸೋಪಿನ ವಾಸನೆ. ಅತ್ತೆ ವಾಸನೆ ಹೋಗಿದೆ. ಬೈಯೋಣ ಅಂದುಕೊಂಡೆ, ಬೈಯಲಿಲ್ಲ.

ಬಸ್ ಹತ್ತುವಾಗ — "ಅಜ್ಜಿ, ನಾಳೆಯಿಂದ ಮಿಸ್ ಕಾಲ್ ಬ್ಯಾಡ."

"ಯಾಕ? ಭಾರ ಆತೇನೇ ಮುದುಕಿ?"

"ಅದಲ್ಲ. ನಿನಗೋಸ್ಕರ ನುಂಗಿದಂಗೆ ಅನಿಸ್ತೈತೆ. ನನಗೋಸ್ಕರ ನುಂಗ್ತೀನಿ."

ಹೂಂ ಅಂದೆ. ಬಸ್ಸು ಹೋಯಿತು.

ಆಗಸ್ಟ್ 12, ಸೋಮವಾರ, ರಾತ್ರಿ ಎಂಟು

ಕಿವಿ ನೆಟ್ಟಗಾಯಿತು. ಬೆಲ್ಲದ ಡಬ್ಬಿ ತೆಗೆದಾಗಿದೆ, ಅಭ್ಯಾಸ.

ಸೈರನ್ ನಿಂತ ಮೊದಲ ದಿನ ನೆನಪಾಗುತ್ತಿದೆ. ಬುತ್ತಿ ಕಟ್ಟಿ ಹೊಸ್ತಿಲಲ್ಲಿ ನಿಂತಿದ್ದೆ. ಹೊರಗೆ ನೋಡಿದರೆ ಓಣಿಯ ಹೆಂಗಸರೆಲ್ಲ ಹಾಗೇ ನಿಂತಿದ್ದರು, ಕೂಗದ ಸದ್ದಿಗೆ ಕಿವಿಗೊಟ್ಟು. ಆ ದಿನ ಮೌನ ಅಂದರೆ ಎಲ್ಲ ಮುಗಿಯಿತು ಅಂತಿತ್ತು.

ಇವತ್ತಿನದು ಬೇರೆ. ನುಂಗಿರುತ್ತಾಳೆ. ನುಂಗಿದ್ದಾಳೆ.

ಫೋನು ಮಡಿಲಲ್ಲಿದೆ. ನಾನಾಗಿ ಒತ್ತುವುದಿಲ್ಲ. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡೆ. ಎಂಟು ದಾಟಿತು. ಫೋನು ಸುಮ್ಮನಿದೆ. ನಾನೂ ಸುಮ್ಮನೆ ಮಲಗುತ್ತೇನೆ.