ದೀಕ್ಷಾಸ್ನಾನದ ಎರಡನೆಯ ಪುಸ್ತಕ

ಪುರಸಭೆ ಗ್ರಂಥಾಲಯ, ಆಲ್ಟೆನ್‌ರೋಡೆ
೧೧ ಮಾರ್ಚ್ ೧೯೩೬

ಮಾನ್ಯ ಪಾದ್ರಿ ಟ್ರೌಟ್‌ಮನ್ ಅವರಿಗೆ, ನಿಮಗಿಂತ ಮೊದಲು ಆ ಚರ್ಚಿನಲ್ಲಿದ್ದ ಪಾದ್ರಿಯ ವಂದನೆಗಳು.

ದೀಕ್ಷಾಸ್ನಾನ ಪಡೆದವರ ಹೆಸರು, ಹುಟ್ಟು, ಮನೆತನ ಬರೆದಿಟ್ಟ ಚರ್ಚಿನ ಎರಡನೆಯ ಪುಸ್ತಕ ಕಾಣುತ್ತಿಲ್ಲ, ಅಧಿಕಾರಿಗಳು ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಅಜ್ಜ ಅಜ್ಜಿಯರು ಯಹೂದಿಗಳಲ್ಲವೆಂದು ಚರ್ಚಿನಿಂದ ನಕಲು ತಂದವರಿಗೆ ಮಾತ್ರ ಶಾಲೆಯಲ್ಲಿ ಕೆಲಸ ಎಂದು ಕಾನೂನು ಬಂದ ವರ್ಷ, ಶಿಕ್ಷಕಿ ಹೆಡ್ವಿಗ್ ನನ್ನ ಬಳಿ ಬಂದಿದ್ದಳು.

"ಪಾದ್ರಿಗಳೇ, ನಮ್ಮಜ್ಜಿ ಹುಟ್ಟಿದ್ದು ಯಹೂದಿ ಮನೇಲಿ ಅನ್ನೋ ಆ ಒಂದು ಸಾಲು ಬಿಟ್ಬಿಡಿ. ನಿಮ್ಮ ದಮ್ಮಯ್ಯ."

"ಪುಸ್ತಕದಲ್ಲಿರೋದನ್ನ ಬಿಡೋಕಾಗಲ್ಲಮ್ಮ," ಎಂದೆ. ದುಂಡಗಿನ ಅಕ್ಷರದಲ್ಲಿ ಪೂರ್ತಿ ನಕಲು ಮಾಡಿ, ಮುದ್ರೆ ಒತ್ತಿಕೊಟ್ಟೆ. ಅವಳ ಕೆಲಸ ಹೋಯಿತು. ಅವಳ ಹೆಣವನ್ನು ಸಾಲೆ ನದಿಯಿಂದ ಎತ್ತಿದಾಗ ಆ ಹಾಳೆ ಕೋಟಿನ ಜೇಬಿನಲ್ಲೇ ಇತ್ತು. ನನ್ನ ಮುದ್ರೆ ಅಳಿಸಿರಲಿಲ್ಲ. ಆ ತಿಂಗಳೇ ಪಾದ್ರಿಯ ನಿಲುವಂಗಿ ಕಳಚಿಟ್ಟೆ. ಚರ್ಚು ಬಿಟ್ಟು ಬರುವಾಗ ಬರಿಗೈಯಲ್ಲಿ ಬರಲಿಲ್ಲ.

ಈಗ ಇಲ್ಲಿ ಪುಸ್ತಕ ಜೋಡಿಸುತ್ತೇನೆ, ಕಥೆ ಬರೆಯುತ್ತೇನೆ. ಸುಳ್ಳು ಹೆಣೆಯುವುದು ರೂಢಿಯಾಗಿದೆ. ನಿಮಗೂ ಒಂದು ಹೆಣೆದು ಕೊಡುತ್ತೇನೆ. ಅಧಿಕಾರಿಗಳು ಬಂದರೆ, "ಆ ಮುದುಕ ಕುಡುಕ, ಎಲ್ಲೋ ಕಳೆದುಹಾಕಿದ್ದಾನೆ" ಎಂದುಬಿಡಿ. ಈ ಚಳಿಗಾಲ ನಮ್ಮ ಗ್ರಂಥಾಲಯದ ಒಲೆ ಚೆನ್ನಾಗಿ ಉರಿಯಿತು. ಅದರ ಮಾತು ಎತ್ತಬೇಡಿ.

ಓದಿದ ಮೇಲೆ ಈ ಪತ್ರವನ್ನೂ ನಿಮ್ಮ ಒಲೆಗೆ ಹಾಕಿ. ಹಾಕುವ ಮುನ್ನ ಇಷ್ಟು ತಿಳಿದಿರಲಿ: ಆ ಪುಟದಲ್ಲಿ ಹೆಡ್ವಿಗ್‌ಳ ಅಜ್ಜಿಯ ಹೆಸರಿನ ಕೆಳಗೆ, ಅದೇ ದಿನ ದೀಕ್ಷೆ ಪಡೆದ ಆ ಅಜ್ಜಿಯ ತಂಗಿಯ ಹೆಸರಿತ್ತು. ಆಕೆ ನಿಮ್ಮ ಹೆಂಡತಿ ಎಲ್ಫ್ರೀಡೆಯ ಅಜ್ಜಿ.

ಎಲ್ಫ್ರೀಡೆಗೆ ನಾನು ಕ್ಷೇಮ ಕೇಳಿದೆನೆಂದು ಹೇಳಿ. ಇದನ್ನು ಹೇಳಬೇಡಿ.

ಇತಿ,
ಲೋಥಾರ್ ವೀಗಾಂಡ್
ಗ್ರಂಥಪಾಲಕ