ಕಡೇ ಸಾಲಿಗೆ ಸಾಕಾಗುವ ಕ್ಯಾಮೆರಾ

ತಿ. ನರಸೀಪುರ

ನಂಜೇಶ್ ಅವರಿಗೆ,

ಮಗಳು ಗಾನವಿಯ ಮದುವೆಯ ಫೋಟೊ ನೀವೇ ತೆಗೆಯಬೇಕೆಂದಿದ್ದೀರಂತೆ. ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವುದೋ ಸೂಪರ್‌ಜೂಮೋ ಎಂದು ಅವಳ ಕೈಲಿ ನನ್ನನ್ನು ಕೇಳಿಸಿದ್ದೀರಿ. ನಮ್ಮನ್ನು ಬಿಟ್ಟು ಹುಲ್ಲಹಳ್ಳಿಯಲ್ಲಿ ಬೇರೆ ಸಂಸಾರ ಹೂಡಿದವರಿಗೆ ನಾನು ಉತ್ತರ ಕೊಡಬೇಕಾಗಿಲ್ಲ. ಆದರೆ ಸ್ಟುಡಿಯೊ ಇಟ್ಟುಕೊಂಡಿದ್ದೇನೆ; ಯಾರು ಕೇಳಿದರೂ ಹೇಳುತ್ತೇನೆ.

ಛತ್ರದ ಮಂದ ಬೆಳಕಿಗೆ ಮಿರರ್‌ಲೆಸ್ಸೇ ಒಳ್ಳೆಯದು. ಆದರೆ ಅದರ ಜೊತೆ ಕೊಡುವ ಲೆನ್ಸಿಗೆ ದೂರದ್ದು ಎಟುಕದು; ನೀವು ಮಂಟಪದ ಹತ್ತಿರ ಬರಬೇಕಾಗುತ್ತದೆ. ಅಲ್ಲಿ ನಿಮಗೆ ಜಾಗವಿಲ್ಲ. ನಿಮ್ಮ ದೆಸೆಯಿಂದ ಧಾರೆ ಎರೆಯುವವರು ನನ್ನ ಅಣ್ಣ ಅತ್ತಿಗೆ. ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ಬರಲೇಬೇಡಿ ಎಂದು ಬರೆಯುವವಳಿದ್ದೆ. "ಬರ್ಲಿ ಬುಡವ್ವ, ಇಂದ್ಗಡೆ ಎಲ್ಲಾರ ನಿಂತ್ಕತ್ತಾರೆ" ಎಂದಳು ಗಾನವಿ.

ಹಾಗಾಗಿ ಸೂಪರ್‌ಜೂಮ್ ಕೊಳ್ಳಿ. ನಂಜನಗೂಡಿನ ಆ ಛತ್ರದ ಕಡೇ ಸಾಲಿನಿಂದಲೂ ಅವಳ ಮೂಗುತಿ ಸಿಗುತ್ತದೆ. ಚಿತ್ರ ಸ್ವಲ್ಪ ಕಾಳುಕಾಳಾಗುತ್ತದೆ, ಸಹಿಸಿಕೊಳ್ಳಿ. ಫ್ಲ್ಯಾಶ್ ಹಾಕಬೇಡಿ. ಅಷ್ಟು ದೂರಕ್ಕೆ ಅದು ತಲುಪುವುದಿಲ್ಲ, ಜನ ಮಾತ್ರ ತಿರುಗಿ ನೋಡುತ್ತಾರೆ.

ಇನ್ನೊಂದು ಮಾತು. ಧಾರೆಯ ಹೊತ್ತಿನಲ್ಲಿ ನನ್ನ ಮುಖಕ್ಕೆ ಜೂಮ್ ಮಾಡಬೇಡಿ.

ಸರ್ವಮಂಗಳ